ಹಾಫ್ ಕ್ಲಚ್ಚಿನ ಮಾತು

ತಮ್ಮಾ, ಮೊನ್ನೆ ರಾತ್ರಿ ಸಾಂಗಲಿಯ ವಿಶ್ರಾಮಬಾಗದ ಸಿಗ್ನಲ್ಲಿನಲ್ಲಿ ನಿನ್ನ ಸ್ವಿಫ್ಟ್ ಕಂಡೆ. ನಾನು ಚಹಾದಂಗಡಿ ಮುಂದೆ ನಿಂತಿದ್ದೆ, ನೀನು ನೋಡಲಿಲ್ಲ. ಹಸಿರು ದೀಪ ಬಿದ್ದದ್ದೇ ತಡ, ಮುಂದಿನ ಗಾಲಿಗಳು ಕಿರ್ರೆಂದು ಕಿರುಚಿದವು, ರಬ್ಬರಿನ ಹೊಗೆ ಎದ್ದಿತು, ಕುಡಿಯುತ್ತಿದ್ದವರೆಲ್ಲ ಕಪ್ಪು ಹಿಡಿದುಕೊಂಡೇ ತಿರುಗಿ ನೋಡಿದರು. ಅಷ್ಟರೊಳಗೆ ನಿನ್ನ ಪಕ್ಕ ನಿಂತಿದ್ದ ಯಾರೋ ಹಿರಿಯರ ಹಳೆಯ ವ್ಯಾಗನ್ ಆರ್ ಸದ್ದಿಲ್ಲದೆ ಹೊರಟು ನಾಲ್ಕು ಮಾರು ಮುಂದೆ ಹೋಗಿತ್ತು. ಅದು ನಿನ್ನ ಗಮನಕ್ಕೆ ಬಂತೋ ಇಲ್ಲವೋ. ನನಗಂತೂ ನಗು ಬಂತು.

ಬೈಯಲು ಇದನ್ನು ಬರೆಯುತ್ತಿಲ್ಲ. ಲೋಣಾವಳದ ಕಡೆ ಡ್ರ್ಯಾಗ್ ರೇಸಿಗೆ ಹೋಗುವ ವಿಚಾರ ನಿನಗಿದೆ ಎಂದು ನಿಮ್ಮವ್ವ ಹೇಳಿದಳು. 'ಅಣ್ಣಾ, ನೀನs ಏನಾರ ಹೇಳು, ನನ್ನ ಮಾತು ಕೇಳಂಗಿಲ್ಲ' ಅಂದಳು. ಹೋಗಬೇಡ ಎಂದು ಹೇಳಲಿ ಎನ್ನುವುದು ಅವಳ ಆಸೆ. ನಾನು ಹೋಗು ಎನ್ನುವವನು. ಆದರೆ ಹೋಗುವ ಮೊದಲು ಎಡಗಾಲಿಗೆ ಸ್ವಲ್ಪ ಬುದ್ಧಿ ಕಲಿಸಿಕೊಂಡು ಹೋಗು.

ರಸ್ತೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಸಾಂಗಲಿ–ಮಿರಜ ರಸ್ತೆಯಲ್ಲಿ ನಾನೂ ಓಡಿಸಿದವನೇ. ಕೈಯಲ್ಲಿದ್ದದ್ದು ಗ್ಯಾರೇಜಿನ ಗಿರಾಕಿಯೊಬ್ಬರ ಪದ್ಮಿನಿ ಕಾರು. ರಿಪೇರಿ ಮುಗಿದಿತ್ತು, ಟ್ರಯಲ್ ಎನ್ನುವ ನೆಪವಿತ್ತು. ರೇಸ್ ಏರಿಸಿ ಕ್ಲಚ್ಚಿನಿಂದ ಕಾಲು ಕಿತ್ತೆ. ಹಿಂದಿನಿಂದ ಬಂದೂಕು ಹಾರಿಸಿದಂಥ ಸದ್ದು. ಎಕ್ಸೆಲ್ ತುಂಡಾಗಿತ್ತು. ಗಾಡಿ ಓರೆಯಾಗಿ ಎಳೆದುಕೊಂಡು ಹೋದದ್ದು ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದವನೊಬ್ಬನ ಕಡೆಗೆ. ಒಂದು ಗೇಣು ಉಳಿಯಿತು. ಗಾಡಿಯನ್ನು ಮಿರಜದವರೆಗೆ ತಳ್ಳಿಕೊಂಡು ಬಂದೆವು. ಎಕ್ಸೆಲ್ಲಿನ ದುಡ್ಡು ನನ್ನ ಪಗಾರದಲ್ಲಿ ಮುರಿಯಿತು. ಆ ಸೈಕಲ್ಲಿನವನ ಮುಖ ಮಾತ್ರ ಇವತ್ತಿಗೂ ಕಣ್ಣೆದುರು ಬರುತ್ತದೆ. ಈಗ ಕಾನೂನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೇ ಸಲ ಒಂದು ವರ್ಷ, 10,000. ನಮ್ಮ ಕಡೆಯ ಎತ್ತಿನ ಗಾಡಿ ಶರ್ಯತ್ತನ್ನೇ ನೋಡು. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದಕ್ಕೆ ಅವಕಾಶ ಕೊಡುವ ರಾಜ್ಯದ ಕಾಯ್ದೆಯನ್ನು ಎತ್ತಿಹಿಡಿಯಿತು. ಈಗಲೂ ಜಿಲ್ಲಾಧಿಕಾರಿಯ ಪರವಾನಗಿ ಇಲ್ಲದೆ ಗಾಡಿ ಹೂಡುವಂತಿಲ್ಲ. ಎತ್ತಿಗೇ ಇಷ್ಟು ಶಿಸ್ತು ಬೇಕಾದರೆ ನಿನಗೆ ಬೇಡವೇ?

ಡ್ರ್ಯಾಗ್ ಆಟ ಹುಟ್ಟಿದ ಬಗೆಯೂ ಹೀಗೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಊರ ಬೀದಿಯಲ್ಲಿ ಓಡಿಸುತ್ತಿದ್ದರು. ಅವರನ್ನು ಬೀದಿಯಿಂದ ಎಬ್ಬಿಸಬೇಕೆಂದು 1950ರಲ್ಲಿ ಸಾಂಟಾ ಆನಾದ ವಿಮಾನದ ಪಟ್ಟಿಯ ಮೇಲೆ ಟಿಕೆಟ್ ಇಟ್ಟು ಓಡಿಸತೊಡಗಿದರು. ನಮ್ಮಲ್ಲಿ ಲೋಣಾವಳದ ಹತ್ತಿರದ ಆಂಬಿ ವ್ಯಾಲಿಯ ವಿಮಾನದ ಪಟ್ಟಿಯ ಮೇಲೆ 'ವ್ಯಾಲಿ ರನ್' ನಡೆದಿದೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ನಡೆಯುತ್ತದೆ. ಕವಲಾಪುರದಲ್ಲಿ ವಿಮಾನಕ್ಕೆಂದು ಇಟ್ಟ ಜಾಗ ಖಾಲಿ ಇದೆಯಲ್ಲ ಮಾಮಾ ಎನ್ನಬೇಡ. ನೆಲ ಖಾಲಿ ಇದ್ದ ಮಾತ್ರಕ್ಕೆ ಸ್ಟ್ರಿಪ್ ಆಗುವುದಿಲ್ಲ. ಅಲ್ಲಿ ಆಂಬುಲೆನ್ಸ್ ಇಲ್ಲ, ಬೆಂಕಿ ಆರಿಸುವವರಿಲ್ಲ, ಅಡ್ಡ ಬರುವ ಎಮ್ಮೆಗೆ ಹೇಳುವವರೂ ಇಲ್ಲ.

ಇನ್ನು ಕಾಲಿನ ವಿದ್ಯೆ. ಓಡುವುದು 402 ಮೀಟರ್, ಅಂದರೆ ಕಾಲು ಮೈಲಿ. ಆದರೆ ಸೋಲು ಗೆಲುವು ಬಹಳ ಮಟ್ಟಿಗೆ ನಿಶ್ಚಯವಾಗುವುದು ಮೊದಲ 60 ಅಡಿಯಲ್ಲಿ. ಅದಕ್ಕೇ ಪಂದ್ಯ ನಡೆಸುವವರು ಆ 60 ಅಡಿಯ ಟೈಮನ್ನು ಚೀಟಿಯಲ್ಲಿ ಬೇರೆಯಾಗಿ ಬರೆದುಕೊಡುತ್ತಾರೆ.

ನಿನ್ನ ಗಾಡಿ ಮೊದಲನೇ ಗೇರಿನಲ್ಲಿ 3000 ಆರ್‌ಪಿಎಂಗೆ ಎಷ್ಟು ಓಡುತ್ತದೆ, ಯಾವತ್ತಾದರೂ ಮುಳ್ಳು ನೋಡಿದ್ದೀಯಾ? ಹೆಚ್ಚುಕಡಿಮೆ ಗಂಟೆಗೆ 20–22 ಕಿಲೋಮೀಟರ್. ಗೆರೆಯ ಮೇಲೆ ಗಾಡಿ ನಿಂತಿದೆ, ಗಾಲಿಯ ವೇಗ ಸೊನ್ನೆ. ಎಂಜಿನ್ ಮಾತ್ರ 20ರ ಲೆಕ್ಕದಲ್ಲಿ ತಿರುಗುತ್ತಿದೆ. ಗಾಡಿ ಆ 20 ಮುಟ್ಟುವವರೆಗೆ ಎಲ್ಲೋ ಒಂದು ಕಡೆ ಜಾರಲೇಬೇಕು. ಒಂದೋ ಕ್ಲಚ್ ಪ್ಲೇಟ್ ಫ್ಲೈವೀಲಿನ ಮೇಲೆ ಜಾರಬೇಕು, ಇಲ್ಲವೇ ಟೈರು ಡಾಂಬರಿನ ಮೇಲೆ ಜಾರಬೇಕು. ಎರಡಕ್ಕೂ ಅವಕಾಶ ಕೊಡದಿದ್ದರೆ ಎಂಜಿನ್ ಬಂದ್ ಬೀಳುತ್ತದೆ, ಇಲ್ಲವೇ ಆ ಪದ್ಮಿನಿಯ ಗತಿ. ಕಾಲು ಕಿತ್ತಾಗ ಫ್ಲೈವೀಲಿನಲ್ಲಿ ತುಂಬಿಟ್ಟ ಓಟವೆಲ್ಲ ಒಂದೇ ಪೆಟ್ಟಿಗೆ ಗೇರ್‌ಬಾಕ್ಸಿನ ಮೂಲಕ ಎಕ್ಸೆಲ್ಲಿಗೆ ಬಡಿಯುತ್ತದೆ. ವಿಶ್ರಾಮಬಾಗದಲ್ಲಿ ನೀನು ಜಾರುವ ಕೆಲಸವನ್ನೆಲ್ಲ ಟೈರಿನ ತಲೆಗೆ ಕಟ್ಟಿದೆ. ಆ ಹಿರಿಯರು ಕ್ಲಚ್ಚಿಗೆ ಕೊಟ್ಟರು. ವ್ಯತ್ಯಾಸ ಅಷ್ಟೇ. ಟೈರು ನೆಲವನ್ನು ತುಸು ಕೆರೆಯುತ್ತಿರಬೇಕು, ಉಳಿದದ್ದನ್ನು ಅರ್ಧ ಬಿಟ್ಟ ಕ್ಲಚ್, ಅಂದರೆ ಹಾಫ್ ಕ್ಲಚ್, ತಿನ್ನಬೇಕು, ಸುಮಾರು ಒಂದು ಒಂದೂವರೆ ಸೆಕೆಂಡು. ಅಲ್ಲಿಗೆ ವೇಗ ಕೂಡಿಕೊಳ್ಳುತ್ತದೆ, ಕಾಲು ಪೂರ್ತಿ ತೆಗೆ.

ಎಲ್ಲಾ ಗಾಡಿಗಳನ್ನೂ ಮುಂದಿನ ಗಾಲಿಯೇ ಎಳೆಯುವುದಿಲ್ಲ ಎನ್ನುವುದು ನೆನಪಿರಲಿ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರು ಕೃಷ್ಣೆಯ ದಂಡೆಯಿಂದ ಏರು ಹತ್ತುವುದನ್ನು ನೋಡು. ಡ್ರೈವರ್ ಕ್ಲಚ್ ಬಿಟ್ಟ ಕೂಡಲೇ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತವೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಭಾರವೆಲ್ಲ ಹಿಂದಿನ ದೊಡ್ಡ ಗಾಲಿಗೆ ಬಂದದ್ದರಿಂದಲೇ ಅವು ಮಣ್ಣು ಕಚ್ಚಿ ಎಳೆಯುತ್ತವೆ. ನಿನ್ನ ಸ್ವಿಫ್ಟಿನಲ್ಲಿಯೂ ಭಾರ ಹಾಗೇ ಹಿಂದಕ್ಕೆ ಹೋಗುತ್ತದೆ, ಎಳೆಯುವ ಗಾಲಿಗಳು ಮಾತ್ರ ಮುಂದಿವೆ. ಬೇಕಾದ ಹೊತ್ತಿಗೇ ಅವು ಹಗುರಾಗುತ್ತವೆ. ಆದ್ದರಿಂದ ಡಿಕ್ಕಿಯಲ್ಲಿ ಮರಳು ಚೀಲ ಹಾಕಿಕೋ ಎಂದು ಯಾರಾದರೂ ಹೇಳಿದರೆ ಅವನು ಟ್ರ್ಯಾಕ್ಟರಿನವನು ಎಂದು ತಿಳಿ. ನೀನು ಸ್ಟೆಪ್ನಿ, ಜ್ಯಾಕು, ನಿಮ್ಮಪ್ಪನ ಕ್ರಿಕೆಟ್ ಕಿಟ್ಟು ಎಲ್ಲ ಇಳಿಸು. ಮುಂದಿನ ಗಾಲಿಯ ಹವಾ 30 ಇದ್ದರೆ 26ಕ್ಕೆ ತಾ, ಅದಕ್ಕಿಂತ ಕೆಳಗೆ ಬೇಡ. ಹಿಂದಿನದು ಇದ್ದಷ್ಟೇ ಇರಲಿ. ಏಸಿ ಬಂದ್. ಸ್ಟಿಯರಿಂಗ್ ನೆಟ್ಟಗೆ; ಗಾಲಿ ಓರೆ ಇಟ್ಟು ಜೋರು ಕೊಟ್ಟರೆ ಸಿ.ವಿ. ಜಾಯಿಂಟ್ ಮಾತಾಡುತ್ತದೆ. ಹೊರಡುವಾಗ ಮುಂಭಾಗ ದಡದಡ ಕುಣಿಯತೊಡಗಿದರೆ ಹಟ ಮಾಡದೆ ಕಾಲು ಎತ್ತು, ಆ ಓಟ ಹೋದರೆ ಹೋಗಲಿ.

ಎಷ್ಟು ಆರ್‌ಪಿಎಂನಲ್ಲಿ ಬಿಡಬೇಕು ಮಾಮಾ ಎಂದು ನೀನು ಕೇಳುತ್ತೀ. ಎಲ್ಲರೂ ಅದನ್ನೇ ಕೇಳುತ್ತಾರೆ. ನಿನ್ನಂಥ ಸಣ್ಣ ಪೆಟ್ರೋಲ್ ಗಾಡಿಗೆ 2500ರಿಂದ ಶುರು ಮಾಡು. ನಿನ್ನ ಗೆಳೆಯನ ಡೀಸೆಲ್ ಸ್ವಿಫ್ಟಿಗೆ 2000ದಲ್ಲೇ ಪೂರ್ತಿ ಎಳೆತ ಬರುತ್ತದೆ, ಅವನು 1800ಕ್ಕೆ ಬಿಡಲಿ. ಮುಂದಿನದು ಕಿವಿಯ ಕೆಲಸ. ಮಿರಜದ ಸಿತಾರ್ ಮಾಡುವವರ ಗಲ್ಲಿಗೆ ಒಂದು ಮಧ್ಯಾಹ್ನ ಹೋಗಿ ಕೂತು ಬಾ. ತಂತಿ ಕೂರುವ ಕುದುರೆಯನ್ನು ಅವರು ಜವಾರಿ ಮಾಡುವುದನ್ನು ನೋಡು. (ನಮ್ಮ ಬಾಯಲ್ಲಿ ಜವಾರಿ ಎಂದರೆ ನಾಟಿ ಕೋಳಿ, ನಾಟಿ ಬದನೆ, ಅವರ ಬಾಯಲ್ಲಿ ಅದು ತಂತಿಯ ಝೇಂಕಾರ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಕಕ್ಕಾಬಿಕ್ಕಿಯಾಗಿದ್ದೆ.) ಒಂದು ಸಲ ಅರ ಉಜ್ಜುತ್ತಾರೆ, ಮೀಟುತ್ತಾರೆ, ಕೇಳುತ್ತಾರೆ. ಮತ್ತೆ ಒಂದೇ ಸಲ. ಹೆಚ್ಚು ಹೋಯಿತೋ, ಹಿಂದಕ್ಕೆ ಹಾಕಲು ಬರುವುದಿಲ್ಲ. 2024ರಲ್ಲಿ ಆ ಸಿತಾರಿಗೆ, ತಂಬೂರಿಗೆ ಜಿಐ ಗುರುತು ಸಿಕ್ಕಿದ್ದು ಈ ತಾಳ್ಮೆಗೇ ಎಂದು ನನ್ನ ಲೆಕ್ಕ. ನೀನೂ ಒಂದು ಓಟಕ್ಕೆ 200ರಂತೆ ಏರಿಸು. ಟೈರು ಕಿರುಚಿತೋ, ಏರಿಸಿದ್ದು ಹೆಚ್ಚು. ಎಂಜಿನ್ ಗೊಗ್ಗರು ದನಿಯಲ್ಲಿ ಉಸಿರು ಕಟ್ಟಿತೋ, ಕಡಿಮೆ. ನಡುವೆ ಒಂದು ಎಳೆದ ದನಿ ಇದೆ, ನನಗೆ ಬರೆದು ತೋರಿಸಲು ಬರುವುದಿಲ್ಲ.

ಅದಕ್ಕೂ ಮೊದಲು ಭಾನುವಾರ ಗ್ಯಾರೇಜಿಗೆ ಬಾ. ಹಿಂದಿನ ಅಂಗಳ ಸಮತಟ್ಟಾಗಿದೆ. ಚಪ್ಪಲಿ ಬೇಡ, ತೆಳು ತಳದ ಬೂಟು ಹಾಕು. ಹಿಮ್ಮಡಿ ನೆಲಕ್ಕೆ ಊರಿ ಬೆರಳ ಬುಡದಿಂದ ಪೆಡಲ್ ಬಿಡುವುದನ್ನು ಕಲಿ. ತೊಡೆಯಿಂದ ಎತ್ತಿದರೆ ಕಾಲಿಗೆ ಅಳತೆ ಸಿಗುವುದಿಲ್ಲ. ರೇಸ್ ಕೊಡದೆ ಬಿಡುತ್ತಾ ಬಾ. ಒಂದು ಹಂತದಲ್ಲಿ ಮುಳ್ಳು ತುಸು ಕುಸಿಯುತ್ತದೆ, ಬಾನೆಟ್ ಒಂದು ಬೆರಳಷ್ಟು ಮಿಸುಕುತ್ತದೆ, ಸ್ಟಿಯರಿಂಗಿಗೆ ಸಣ್ಣ ನಡುಕ ಬರುತ್ತದೆ. ಅಲ್ಲಿದೆ ಹಾಫ್ ಕ್ಲಚ್. ಕಣ್ಣು ಮುಚ್ಚಿಕೊಂಡು ಹತ್ತು ಸಲ ಅದನ್ನೇ ಮುಟ್ಟಬೇಕು. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಪ್ಲೇಟ್ ತೋರಿಸುತ್ತೇನೆ. ಅದರ ಲೈನಿಂಗ್ ಗಾಜಿನಂತೆ ಹೊಳೆಯುತ್ತದೆ. ಬಂದವರೆಲ್ಲ ಹೊಸದೇ ಎಂದು ಕೇಳುತ್ತಾರೆ. ಆ ಹೊಳಪೇ ಅದರ ರೋಗ, ಸುಟ್ಟು ಹಾಗಾದದ್ದು. ಜೊತೆಗಿದ್ದ ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಮಚ್ಚೆಗಳಿವೆ, ನವಿಲಿನ ಕುತ್ತಿಗೆಯ ಬಣ್ಣ. ಒಂದೇ ಮಧ್ಯಾಹ್ನ ಹನ್ನೆರಡು ಸಲ ಬಿಟ್ಟವನ ಗಾಡಿಯದು. ಎರಡು ಓಟ ಆದಮೇಲೆ ಗಾಡಿ ತಣ್ಣಗಾಗಲು ಬಿಡು. ಸುಟ್ಟ ವಾಸನೆ ಬಂತೋ, ಆವತ್ತಿನ ಆಟ ಅಲ್ಲಿಗೆ ಸಾಕು.

ಗೆರೆಯ ಮೇಲಿನ ಎರಡು ಮಾತು. ಕಂಬದ ಮೇಲೆ ಎರಡು ಪುಟ್ಟ ದೀಪ ಇರುತ್ತವೆ. ಎರಡನೆಯದು ಹತ್ತಿದ ಕೂಡಲೇ ನಿಲ್ಲು, ಒಂದು ಅಂಗುಲವೂ ಮುಂದೆ ಬೇಡ. ಗೆರೆಯ ಮೇಲೆ ಹಾಯಿಸಿದ ಬೆಳಕಿನ ಕಿರಣವನ್ನು ಗಾಲಿ ಬಿಟ್ಟ ಮೇಲೆ ಗಡಿಯಾರ ಓಡುವುದರಿಂದ ಹಾಗೆ ನಿಂತರೆ ಸುಮಾರು ಒಂದು ಅಡಿ ಓಟ ಪುಕ್ಕಟೆ. ಆಮೇಲೆ ಹಳದಿ ದೀಪಗಳು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಂದರಂತೆ ಇಳಿದು ಬರುತ್ತವೆ, ಕೊನೆಗೆ ಹಸಿರು. ಮುಂಚೆ ಹೊರಟರೆ ಕೆಂಪು, ಆಟ ಔಟ್. ನೀನು ಹಸಿರು ಕಂಡು ಹೊರಡಲು ತಡ ಮಾಡಿದರೆ ಓಟದ ಟೈಮಿಗೆ ಅದು ಸೇರುವುದಿಲ್ಲ. ಪಕ್ಕದವನ ಜೊತೆ ಪಂದ್ಯವಿದ್ದಾಗಲಷ್ಟೇ ಅದು ಲೆಕ್ಕಕ್ಕೆ. ಆದ್ದರಿಂದ ಮೊದಲ ದಿನ ಪಕ್ಕದವನನ್ನು ನೋಡಲೇಬೇಡ. ದೀಪ ನೋಡಿ ಉಸಿರು ಬಿಡು, ಆಮೇಲೆ ಪೆಡಲ್ ಬಿಡು.

ಹೆಲ್ಮೆಟ್ ನಾನು ಕೊಡುತ್ತೇನೆ, ನನ್ನ ಅಲ್ಮಾರಿಯಲ್ಲಿ ಒಂದು ಒಳ್ಳೆಯದಿದೆ. ಓಟ ಮುಗಿದು ಬ್ರೇಕು ಬಿಸಿ ಇದ್ದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡ, ಗಾಲಿಗೊಂದು ಕಲ್ಲು ಕೊಡು. ಅಲ್ಲಿ ಕೊಡುವ ಚೀಟಿಗಳನ್ನು ಒಂದೂ ಕಳೆಯದೆ ತಾ. ನೀನು ಕೊನೆಯ ಸಾಲು ನೋಡಿ ಕುಣಿಯುತ್ತೀ, ನನಗೆ 60 ಅಡಿಯ ಸಾಲು ಬೇಕು. ಹೆದ್ದಾರಿ ಹತ್ತುವ ಮುಂಚೆ ಮುಂದಿನ ಗಾಲಿಗೆ ಮತ್ತೆ 30 ಹವಾ, ಡಿಕ್ಕಿಗೆ ಸ್ಟೆಪ್ನಿ. ನಿಮ್ಮವ್ವನಿಗೆ ನಾನು ಹೇಳಿಕೊಳ್ಳುತ್ತೇನೆ. ಲೋಣಾವಳದ ಚಿಕ್ಕಿ ಮಾತ್ರ ಮರೆಯಬೇಡ, ಶೇಂಗಾದ್ದು. ನನ್ನ ಹಲ್ಲಿಗೆ ಬಾದಾಮಿ ಬಗ್ಗುವುದಿಲ್ಲ.