ಉನ್ನತ ಕೃತಕ ಬುದ್ಧಿಮತ್ತೆಯ ಪಾಠಕ್ರಮ: ಒಂದು ವಿವೇಚನೆ

ತೊಗರ್ಸಿಯ ಮಲ್ಲಿಕಾರ್ಜುನ ದೇವಾಲಯವನ್ನು ಬಲ್ಲವರಿಗೆ ಸಮೀಪದ ಬಳ್ಳಿಗಾವಿ ಅಪರಿಚಿತವಲ್ಲ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವು 12ನೆಯ ಶತಮಾನದಲ್ಲಿ ಪ್ರಖ್ಯಾತ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನವು ಅಲ್ಲಿ ಬೋಧಿಸುತ್ತಿದ್ದ ವಿಷಯಗಳನ್ನು ಹೆಸರಿಸುತ್ತದೆ: ವೇದಗಳು, ಪಾಣಿನೀಯವೂ ಸೇರಿದಂತೆ ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಕಾವ್ಯ, ನಾಟಕ. ಕಾಳಾಮುಖ ಶೈವರ ಮಠವೊಂದು ತನಗೆ ಸಮ್ಮತವಲ್ಲದ ದರ್ಶನಗಳಿಗೂ ಪಾಠಪಟ್ಟಿಯಲ್ಲಿ ಎಡೆಗೊಟ್ಟಿದ್ದುದು ಗಮನಾರ್ಹ. ಇಂದು ವಿಶ್ವವಿದ್ಯಾಲಯದಲ್ಲಿ ಉನ್ನತ ಕೃತಕ ಬುದ್ಧಿಮತ್ತೆಯನ್ನು ಬೋಧಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆಯೂ ಅದೇ ಆಗಿದೆ. ಪ್ರಚಲಿತ ಮತವೊಂದನ್ನೇ ಕಲಿಸಬೇಕೆ, ಪ್ರತಿಪಕ್ಷವನ್ನೂ ಕಲಿಸಬೇಕೆ?

ಈ ಶಾಸ್ತ್ರಕ್ಕೆ ಹೆಸರು ಸ್ಥಿರಪಟ್ಟದ್ದು 1956ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಬೇಸಿಗೆ ಗೋಷ್ಠಿಯಲ್ಲಿ. ಮೊದಲಿನಿಂದಲೂ ಇದರಲ್ಲಿ ಎರಡು ಪಂಥಗಳಿವೆ. ಮನುಷ್ಯನ ಜ್ಞಾನವನ್ನು ನಿಯಮಗಳ ರೂಪದಲ್ಲಿ ಬರೆದು, ಯಂತ್ರವು ತರ್ಕದಿಂದ ನಿರ್ಣಯಕ್ಕೆ ಬರುವಂತೆ ಮಾಡುವುದು ಒಂದು. ಅಸಂಖ್ಯ ಉದಾಹರಣೆಗಳನ್ನು ಮುಂದಿಟ್ಟು, ತಪ್ಪಿದಾಗಲೆಲ್ಲ ಒಳಗಿನ ಸಂಖ್ಯೆಗಳನ್ನು ಕೊಂಚ ಕೊಂಚವೇ ತಿದ್ದುತ್ತ ಯಂತ್ರವು ತಾನೇ ಕಲಿಯುವಂತೆ ಮಾಡುವುದು ಇನ್ನೊಂದು. ಇದೇ ನರಜಾಲ ಪಂಥ. ರೋಸೆನ್‌ಬ್ಲಾಟ್ 1958ರಲ್ಲಿ ಪ್ರಕಟಿಸಿದ ಪರ್ಸೆಪ್ಟ್ರಾನ್ ಇದರ ಆದಿರೂಪ. 1969ರಲ್ಲಿ ಮಿನ್ಸ್ಕಿ ಮತ್ತು ಪೇಪರ್ಟ್ ಅದರ ಮಿತಿಗಳನ್ನು ಗಣಿತದಿಂದ ತೋರಿಸಿದ ಮೇಲೆ ಆ ಪಂಥವು ಮಂಕಾಯಿತು.

1986ನೆಯ ಇಸವಿಯನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ನೆರವಿನಿಂದ ಜ್ಞಾನಾಧಾರಿತ ಗಣಕ ವ್ಯವಸ್ಥೆಗಳ ಯೋಜನೆಯನ್ನು ಆ ವರ್ಷ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಕೇಂದ್ರಗಳಲ್ಲೊಂದಾಯಿತು. ಅದೇ ಡಿಸೆಂಬರಿನಲ್ಲಿ ಸಂಸ್ಕೃತದಲ್ಲಿ ಜ್ಞಾನನಿರೂಪಣೆಯನ್ನು ಕುರಿತ ರಾಷ್ಟ್ರೀಯ ಸಮ್ಮೇಳನವೂ ಬೆಂಗಳೂರಿನಲ್ಲಿ ನಡೆಯಿತು. ನಿಯಮಪಂಥಕ್ಕೆ ನಮ್ಮಲ್ಲಿ ಅಂತಹ ಉತ್ಸಾಹವಿದ್ದ ಆ ಹೊತ್ತಿನಲ್ಲೇ, ಅಕ್ಟೋಬರಿನ 'ನೇಚರ್' ಪತ್ರಿಕೆಯಲ್ಲಿ ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಬಹುಸ್ತರದ ನರಜಾಲಗಳಿಗೆ ಪಾಠ ಕಲಿಸುವ ವಿಧಾನವನ್ನು ವಿವರಿಸಿದ್ದರು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯನ್ನು ಗೆದ್ದದ್ದೂ, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯಾಗಿ ಮನೆಮಾತಾದದ್ದೂ ಆ ಪಂಥದ ಸಂತತಿಯೇ. ಸೋತ ಪಂಥವೆಂದು 1986ರಲ್ಲಿ ನರಜಾಲವನ್ನು ಪಾಠದಿಂದ ಕೈಬಿಟ್ಟಿದ್ದ ಅಧ್ಯಾಪಕನ ಶಿಷ್ಯರ ಗತಿಯೇನು? ಇಂದು ತರ್ಕವನ್ನು ಕೈಬಿಡಹೊರಟವರಿಗೂ ಇದೇ ಪ್ರಶ್ನೆ ಸಲ್ಲುತ್ತದೆ.

ನಮ್ಮ ಸೀಮೆಯದೇ ನಿದರ್ಶನವನ್ನು ನೋಡೋಣ. ಅಡಕೆಯ ಎಲೆಚುಕ್ಕೆ ರೋಗವನ್ನು ಛಾಯಾಚಿತ್ರದಿಂದ ಗುರುತಿಸುವುದು ನರಜಾಲಕ್ಕೆ ತಕ್ಕ ಕೆಲಸ. ಚುಕ್ಕೆಯ ಸ್ವರೂಪವನ್ನು ನಿಯಮಗಳಲ್ಲಿ ಬರೆದು ಮುಗಿಸಲಾಗದು. ಆದರೆ ಯಾವ ರೈತನಿಗೆ ಪರಿಹಾರ ಸಲ್ಲಬೇಕೆಂಬುದನ್ನು ನಿಯಮದಿಂದಲೇ ನಿರ್ಣಯಿಸಬೇಕು, ಅರ್ಜಿ ತಿರಸ್ಕೃತವಾದರೆ ಕಾರಣವನ್ನೂ ಹೇಳಬೇಕು. ಕೋಟಿಗಟ್ಟಲೆ ಸಂಖ್ಯೆಗಳ ಗುಣಾಕಾರವನ್ನು ಕಾರಣವೆಂದು ರೈತನ ಮುಂದಿಡಲಾಗದು.

ಪಾಠಕ್ರಮವನ್ನು ನಡೆಸುವ ಬಗೆಯಲ್ಲಿ ಹೆಚ್ಚು ತೊಡಕಿರುವುದು ಪರೀಕ್ಷೆಯಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥ್ರನ್ ಮತ್ತು ನಾರ್ವಿಗ್ ತಮ್ಮ ಪಾಠವನ್ನು ಅಂತರಜಾಲದಲ್ಲಿ ಜಗತ್ತಿಗೆ ತೆರೆದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು; ಪೂರೈಸಿದವರು ಸುಮಾರು 23,000. ಉಪನ್ಯಾಸವನ್ನು ಹೀಗೆ ಲಕ್ಷಾಂತರ ಜನರಿಗೆ ಮುಟ್ಟಿಸಬಹುದು, ಒಬ್ಬೊಬ್ಬನ ತಿಳಿವಳಿಕೆಯನ್ನು ಹಾಗೆ ಅಳೆಯಲಾಗದು. 2022ರ ನಂತರವಂತೂ ಮನೆಯಲ್ಲಿ ಬರೆದು ತರುವ ಪ್ರಬಂಧವನ್ನೂ ಗಣಕದ ಕ್ರಮವಿಧಿಯನ್ನೂ ಯಂತ್ರವೇ ಬರೆದುಕೊಡುತ್ತದೆ. ಆದುದರಿಂದ ಮೌಖಿಕ ಪರೀಕ್ಷೆಗೆ ಮರಳುವುದು ಲೇಸೆಂದು ನನ್ನ ಅಭಿಪ್ರಾಯ. ಎರಡು ಸ್ತರಗಳ ಪುಟ್ಟ ಜಾಲವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದು ತಪ್ಪು ಉತ್ತರದಿಂದ ಪ್ರತಿಯೊಂದು ಸಂಖ್ಯೆ ಎಷ್ಟು ತಿದ್ದಲ್ಪಡಬೇಕೆಂದು ವಿದ್ಯಾರ್ಥಿಯು ಲೆಕ್ಕ ಮಾಡಿ ತೋರಿಸಲಿ. ವಾದಕ್ಕೆ ಎದುರುವಾದವನ್ನು ಹೂಡಿ ಶಿಷ್ಯನನ್ನು ಪರೀಕ್ಷಿಸುವ ಕ್ರಮ ನ್ಯಾಯಶಾಸ್ತ್ರವನ್ನು ಓದಿದವರಿಗೆ ಹೊಸತೇನಲ್ಲ. ಒಂದು ತರಗತಿಯಲ್ಲಿ ನೂರಿಪ್ಪತ್ತು ಜನರಿದ್ದರೆ ಇದು ಸಾಧ್ಯವೆ ಎಂಬ ಆಕ್ಷೇಪ ನ್ಯಾಯವಾದುದೇ. ಅಂತಹ ಕಡೆ ಪ್ರವೇಶಸಂಖ್ಯೆಯನ್ನು ತಗ್ಗಿಸುವುದು ಅಥವಾ ಅಧ್ಯಾಪಕರನ್ನು ಹೆಚ್ಚಿಸುವುದು ಅಗತ್ಯ.

ಈ ಲೆಕ್ಕಕ್ಕೆ ಬೇಕಾದ ಮಾತೃಕೆ, ಅವಕಲನ, ಸಂಭವನೀಯತೆಗಳು ದ್ವಿತೀಯ ಪಿ.ಯು.ಸಿ. ಗಣಿತದಲ್ಲೇ ಇವೆ. ಸಂಭವನೀಯತೆಯು ಪುಸ್ತಕದ ಕೊನೆಯ ಅಧ್ಯಾಯವಾದುದರಿಂದ ಪರೀಕ್ಷೆಯ ಅವಸರದಲ್ಲಿ ಅದನ್ನು ಓಡಿಸಿಬಿಡುವ ವಾಡಿಕೆ ಹಲವೆಡೆ ಇದೆ. ಗಣಿತದ ಅಧ್ಯಾಪಕರು ಅದಕ್ಕೆ ಜನವರಿಗೆ ಮೊದಲೇ ಎರಡು ವಾರ ಕೊಟ್ಟರೆ, ಇಲ್ಲಿಂದ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುವ ನಮ್ಮ ಮಕ್ಕಳು ಮೊದಲ ತಿಂಗಳಲ್ಲೇ ಹಿಂದೆ ಬೀಳುವುದು ತಪ್ಪೀತು.