ತೋತಾಪುರಿ ಮಾವು ಮತ್ತು ಪೂರೈಕೆಯ ಪಾಠ

ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಪುಸ್ತಕದಲ್ಲಿ ಬೆಲೆಯನ್ನು ವಿವರಿಸಲು ಮೀನಿನ ವ್ಯಾಪಾರದ ಉದಾಹರಣೆ ಕೊಟ್ಟರು. ದಡಕ್ಕೆ ಬಂದ ಮೀನು ಅಂದೇ ಮಾರಾಟವಾಗಬೇಕು, ಬೆಲೆ ಕಡಿಮೆಯೆಂದು ಕಾಯುವಂತಿಲ್ಲ. ನಮ್ಮ ಕೋಲಾರ ಜಿಲ್ಲೆಗೆ ಕಡಲಿಲ್ಲ, ಆದರೆ ಶ್ರೀನಿವಾಸಪುರದ ಮಾವಿನ ಮಂಡಿ ಇದೆ.

ಮೇ ತಿಂಗಳಿಂದ ಜುಲೈವರೆಗೆ ಆ ಊರಿಗೆ ಬೇರೆ ಕೆಲಸವೇ ಇಲ್ಲವೇನೋ ಅನಿಸುತ್ತದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ ಹಣ್ಣು ತಿನ್ನುವವರಿಗೆ ಹೋಗುತ್ತವೆ. ತೋತಾಪುರಿ ಹೆಚ್ಚಾಗಿ ಹೋಗುವುದು ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. ಹಮಾಲರು, ಕಾಯಿ ಆರಿಸುವ ಹೆಂಗಸರು, ಲಾರಿಯವರು, ಟೀ ಅಂಗಡಿಯವರು, ಎಲ್ಲರೂ ನೆಚ್ಚಿಕೊಂಡಿರುವುದು ಈ ಮೂರು ತಿಂಗಳನ್ನೇ. ನನ್ನ ಮಾಮು ಮರ ಹೂ ಬಿಟ್ಟಾಗಲೇ ತೋಟ ಗುತ್ತಿಗೆ ಹಿಡಿಯುತ್ತಾರೆ. ಹಣ ಮೊದಲು, ಕಾಯಿ ಆಮೇಲೆ.

2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಅಲ್ಲಿನ ರೈತರಿಗೂ ಬೆಲೆ ಸಿಕ್ಕಿರಲಿಲ್ಲ, ಅದನ್ನೂ ಹೇಳಬೇಕು. ಇಲ್ಲಿ ಕೊಳ್ಳುವವರು ಕಡಿಮೆಯಾದರು, ಮರದಲ್ಲಿದ್ದ ಕಾಯಿ ಕಡಿಮೆಯಾಗಲಿಲ್ಲ. ನಮ್ಮ ಪುಸ್ತಕ ಇದನ್ನೇ ‘ಅಸ್ಥಿತಿಸ್ಥಾಪಕ ಪೂರೈಕೆ’ ಎನ್ನುತ್ತದೆ: ಬೆಲೆ ಎಷ್ಟೇ ಇಳಿದರೂ ಮಾರಲೇಬೇಕು, ಇಲ್ಲವೆಂದರೆ ಕೊಳೆಯುತ್ತದೆ.

ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ನಿಗದಿ ಮಾಡಿತು. ಮಾರಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಪರಿಹಾರ, 2.5 ಲಕ್ಷ ಟನ್‌ವರೆಗೆ. ಖರ್ಚು ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ. ಅಂದರೆ ಕಿಲೋಗೆ 16 ರೂಪಾಯಿ 16 ಪೈಸೆಯ ಲೆಕ್ಕ.

ಆದರೆ ಗುತ್ತಿಗೆಗೆ ಕೊಟ್ಟ ತೋಟದಲ್ಲಿ ನಷ್ಟ ಯಾರದು, ಜಮೀನಿನವರದೋ, ಮುಂಗಡ ಕೊಟ್ಟವರದೋ? ಮಾಮುವನ್ನು ಕೇಳಿದೆ. “ಮೊದಲು ಪಹಣಿಯಲ್ಲಿ ಯಾರ ಹೆಸರಿದೆ ನೋಡು ಬೇಟಾ” ಅಂದರು.