ಜೀಪಿಗೆ ದೊಡ್ಡ ಡೀಸೆಲ್ ಟ್ಯಾಂಕ್ ಹಾಕಿಸಬೇಕಾ? ಮೊದಲು ಈ ಲೆಕ್ಕ ಮಾಡಿ

ಈ ವಾರ ಗೊಬ್ಬರ, ಕಷಾಯ, ಮಲ್ಚಿಂಗ್ ಯಾವುದೂ ಅಲ್ಲ. ತೋಟದ ಗಾಡಿ ಬಗ್ಗೆ ಮಾತಾಡೋಣ.

ಮಲೆನಾಡಿನ ಕಡೆಯ ಹುಡುಗರು ಇತ್ತೀಚೆಗೆ ನನಗೆ ಪದೇ ಪದೇ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಬಂಕ್ 30 ಕಿಲೋಮೀಟರ್ ದೂರ. ಜೀಪಿಗೆ ದೊಡ್ಡ ಟ್ಯಾಂಕ್ ಹಾಕಿಸಿದ್ರೆ ಹೇಗೆ? ಪೇಟೆಲಿ ವೆಲ್ಡಿಂಗ್ ಮಾಡೋರು ಮಾಡಿಕೊಡ್ತೀನಿ ಅಂತಾರೆ." ಯೂಟ್ಯೂಬಲ್ಲಿ ಆಸ್ಟ್ರೇಲಿಯಾದವರ ವಿಡಿಯೋ ನೋಡಿದ ಮೇಲಂತೂ ಈ ಆಸೆ ಇನ್ನೂ ಜಾಸ್ತಿ. ಆಸೆ ತಪ್ಪಲ್ಲ. ಆದರೆ ಇದು ಸೀಟ್ ಕವರ್ ಬದಲಾಯಿಸಿದ ಹಾಗಲ್ಲ. ಹತ್ತಾರು ಲೀಟರ್ ಉರಿಯೋ ವಸ್ತುವನ್ನ ನಾವೂ ನಮ್ಮ ಮನೆಯವರೂ ಕೂರೋ ಸೀಟಿನ ಕೆಳಗೆ ಕಟ್ಟೋ ಕೆಲಸ. ಹಾಗಾಗಿ ಪೂರ್ತಿ ತಿಳಿದುಕೊಂಡೇ ತೀರ್ಮಾನ ಮಾಡೋಣ.

ಇದು ಹುಟ್ಟಿದ್ದು ಎಲ್ಲಿ, ಯಾಕೆ?

ಆಸ್ಟ್ರೇಲಿಯಾದಲ್ಲಿ ಕ್ಯಾನಿಂಗ್ ಸ್ಟಾಕ್ ರೂಟ್ ಅಂತ ಒಂದು ಹಾದಿ ಇದೆ. ಹಿಂದೆ ದನಗಳನ್ನು ಹೊಡೆದುಕೊಂಡು ಹೋಗೋಕೆ ಮಾಡಿದ ದಾರಿ. ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಸುಮಾರು 1,850 ಕಿ.ಮೀ., ಬಹುಪಾಲು ಮರಳು. ನಡುವೆ ಡೀಸೆಲ್ ಸಿಗೋ ಊರು ಅಂದರೆ ಕುನಾವರಿಟ್ಜಿ. ಅಂಥ ದೇಶದಲ್ಲಿ ದೊಡ್ಡ ಟ್ಯಾಂಕ್ ಶೋಕಿ ಅಲ್ಲ, ಜೀವ ಉಳಿಸೋ ವಸ್ತು. ಅದಕ್ಕೇ ಅಲ್ಲಿ ಟೊಯೋಟಾ ಲ್ಯಾಂಡ್‌ಕ್ರೂಸರ್ 79 ಪಿಕಪ್ ಕಂಪನಿಯಿಂದಲೇ 130 ಲೀಟರ್ ಟ್ಯಾಂಕ್ ಹೊತ್ತು ಬರುತ್ತೆ. 80 ಲೀಟರಿನ ಹೈಲಕ್ಸ್‌ಗೆ ಸುಮಾರು 140 ಲೀಟರಿನ ಬದಲಿ ಟ್ಯಾಂಕ್ ಮಾಡಿ ಮಾರೋ ಕಂಪನಿಗಳೂ ಇವೆ.

ಇದರಲ್ಲಿ ಎರಡು ವಿಧ. ಒಂದು, ಹಳೇ ಟ್ಯಾಂಕ್ ತೆಗೆದು ಅದೇ ಜಾಗಕ್ಕೆ ದೊಡ್ಡದು ಕೂರಿಸೋದು. ಇನ್ನೊಂದು, ಹಳೇದನ್ನ ಹಾಗೇ ಬಿಟ್ಟು ಹಿಂಬದಿಯಲ್ಲಿ ಎರಡನೇ ಟ್ಯಾಂಕ್ ಕಟ್ಟಿ, ಸಣ್ಣ ಪಂಪಿನಿಂದ ಮೊದಲನೆಯದಕ್ಕೆ ಡೀಸೆಲ್ ತಳ್ಳೋದು. ಎರಡನೇ ವಿಧದಲ್ಲಿ ಎಷ್ಟೋ ಸಲ ಸ್ಟೆಪ್ನಿಯನ್ನೇ ಬೇರೆ ಕಡೆ ಇಡಬೇಕಾಗುತ್ತೆ.

ಒಳ್ಳೆಯ ಟ್ಯಾಂಕಿನ ಒಳಗೆ ಏನಿರುತ್ತೆ?

ನೋಡೋಕೆ ಬರೀ ಡಬ್ಬ. ಆದರೆ ಐದು ವಿಷಯ ಸರಿ ಇರಲೇಬೇಕು.

1. ತಗಡು: ಅಲ್ಯೂಮಿನಿಯಂ ಲೇಪನದ ಉಕ್ಕು ಅಥವಾ ಇಂಧನಕ್ಕೆಂದೇ ತಯಾರಿಸಿದ ದಪ್ಪ ಪ್ಲಾಸ್ಟಿಕ್ ಬಳಸ್ತಾರೆ. ನಮ್ಮಲ್ಲಿ ಸುಲಭವಾಗಿ ಸಿಗೋ ಜಿ.ಐ. ಶೀಟ್ ಡೀಸೆಲ್‌ಗೆ ಆಗೋದಿಲ್ಲ. ಅದರ ಸತುವಿನ ಲೇಪನ ಡೀಸೆಲ್ ಜೊತೆ ಸೇರಿ ಸಾಬೂನಿನಂಥ ಜಿಗುಟು ಆಗುತ್ತೆ, ಫಿಲ್ಟರ್ ಕಟ್ಟುತ್ತೆ, ಇಂಜೆಕ್ಟರಿಗೂ ಹೋಗಿ ಕೂರುತ್ತೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳ ಇಂಜೆಕ್ಟರ್ ಬೆಲೆ ಒಮ್ಮೆ ವಿಚಾರಿಸಿ ನೋಡಿ, ಟ್ಯಾಂಕಿನ ಆಸೆ ಅರ್ಧ ಇಳಿಯುತ್ತೆ.

2. ಒಳಗಿನ ತಡೆಗೋಡೆ: ಅರ್ಧ ತುಂಬಿದ ಟ್ಯಾಂಕಿನಲ್ಲಿ ಡೀಸೆಲ್ ತುಳುಕುತ್ತೆ. ತಿರುವಿನಲ್ಲಿ ಒಂದು ಕಡೆಗೆ, ಬ್ರೇಕ್ ಹೊಡೆದರೆ ಮುಂದಕ್ಕೆ. 100 ಲೀಟರ್ ತುಳುಕಿದರೆ ಗಾಡಿ ಹೊಯ್ದಾಡೋದು ಚಾಲಕನ ಕೈಗೇ ಗೊತ್ತಾಗುತ್ತೆ. ಅದಕ್ಕೆ ಒಳಗೆ ತೂತು ಇರೋ ಅಡ್ಡಗೋಡೆ ಹಾಕ್ತಾರೆ. ಕಡಿದಾದ ಏರಿನಲ್ಲಿ ಪಂಪು ಗಾಳಿ ಎಳೆಯದ ಹಾಗೂ ಇದೇ ಕಾಪಾಡುತ್ತೆ.

3. ಬ್ರೀದರ್ ಪೈಪು: ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಇಲ್ಲದಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಎಂಜಿನ್ ನಿಲ್ಲುತ್ತೆ. ಆ ಪೈಪಿಗೆ ಗಾಡಿ ಮಗುಚಿದರೆ ತಾನಾಗಿ ಮುಚ್ಚಿಕೊಳ್ಳೋ ವಾಲ್ವ್ ಇರಬೇಕು.

4. ಖಾಲಿ ಜಾಗ: ಡೀಸೆಲ್ ಬಿಸಿಗೆ ಹಿಗ್ಗುತ್ತೆ. 100 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚಾಗುತ್ತೆ. ಜೊತೆಗೆ ಎಂಜಿನ್‌ನಿಂದ ವಾಪಸ್ ಬರೋ ಡೀಸೆಲ್ ಬಿಸಿಯಾಗೇ ಇರುತ್ತೆ. ಆದ್ದರಿಂದ ಗಂಟಲ ತನಕ ತುಂಬೋ ಟ್ಯಾಂಕ್ ಒಳ್ಳೆ ಟ್ಯಾಂಕ್ ಅಲ್ಲ.

5. ಗೇಜಿನ ತೇಲುಗುಂಡು: ಹಳೇ ಟ್ಯಾಂಕಿನ ಆಳಕ್ಕೆ ಹೊಂದಿಸಿದ್ದು ಹೊಸದರಲ್ಲಿ ಸುಳ್ಳು ಹೇಳುತ್ತೆ. ಮುಳ್ಳು ಅರ್ಧ ತೋರಿಸುವಾಗ ನಿಜಕ್ಕೂ ಎಷ್ಟಿದೆ ಅಂತ 10–10 ಲೀಟರ್ ಹಾಕಿ ಗುರುತು ಮಾಡಿಕೊಳ್ಳಬೇಕು.

ಕೂರಿಸೋ ಕ್ರಮ

ಇದನ್ನ ನೀವೇ ಮನೇಲಿ ಮಾಡಿ ಅಂತ ಬರೀತಾ ಇಲ್ಲ. ಕಂಪನಿ ಟ್ಯಾಂಕನ್ನೇ ಸೋರಿಕೆಗೆ ಅಂತ ಇಳಿಸಿ ಹತ್ತಿಸುವಾಗಲೂ ಕ್ರಮ ಇದೇ. ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡುವಾಗ ಏನು ಗಮನಿಸಬೇಕು ಅಂತ ಗೊತ್ತಿರಲಿ.

ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಗಾಡಿಯನ್ನ ಬರೀ ಜಾಕ್ ಮೇಲೆ ನಂಬದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಡೀಸೆಲ್ ತುಂಬೋ ಪೈಪು, ಬ್ರೀದರ್, ಎಂಜಿನ್ ಕಡೆ ಹೋಗೋ ಲೈನು, ವಾಪಸ್ ಬರೋ ಲೈನು, ಗೇಜಿನ ವೈರು, ಎಲ್ಲದಕ್ಕೂ ಬಿಚ್ಚೋ ಮೊದಲು ಮೊಬೈಲಲ್ಲಿ ಫೋಟೋ. ಆಮೇಲೆ ಪಟ್ಟಿ ಸಡಿಲಿಸಿ ಟ್ಯಾಂಕ್ ನಿಧಾನ ಇಳಿಸಬೇಕು.

ಹೊಸ ಟ್ಯಾಂಕಿಗೆ ಗೇಜಿನ ಯೂನಿಟ್ ಸೇರಿಸುವಾಗ ಹಳೇ ರಬ್ಬರ್ ರಿಂಗ್ ಮತ್ತೆ ಹಾಕಬಾರದು, ಹೊಸದೇ ಬೇಕು. ಬ್ರೀದರ್ ಪೈಪನ್ನ ಟ್ಯಾಂಕ್ ಎತ್ತೋ ಮೊದಲೇ ಜೋಡಿಸಬೇಕು, ಎತ್ತಿದ ಮೇಲೆ ಅಲ್ಲಿಗೆ ಕೈ ಹೋಗೋದಿಲ್ಲ. ಚಾಸಿಸ್‌ನಲ್ಲಿ ಈಗಾಗಲೇ ಇರೋ ತೂತುಗಳಿಗೇ ಬೋಲ್ಟ್ ಕೂರಬೇಕು. ಚಾಸಿಸ್‌ಗೆ ವೆಲ್ಡಿಂಗ್ ಮಾಡಿದರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು.

ಆಮೇಲೆ ಮೂರು ಅಂತರ ನೋಡಬೇಕು. ಸೈಲೆನ್ಸರ್ ಪೈಪಿಗೆ ಎಷ್ಟು ಹತ್ತಿರ? ತಿರುಗೋ ಪ್ರೊಪೆಲ್ಲರ್ ಶಾಫ್ಟಿಗೆ ಎಷ್ಟು? ಹಳ್ಳಕ್ಕೆ ಬಿದ್ದಾಗ ಮೇಲೇಳೋ ಹಿಂದಿನ ಆಕ್ಸಲ್‌ಗೆ ಎಷ್ಟು? ಮೊದಲು 20 ಲೀಟರ್ ಹಾಕಿ ಸೋರಿಕೆ ನೋಡಿ, ಆಮೇಲೆ ತುಂಬಿಸಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನ ಮತ್ತೊಮ್ಮೆ ಬಿಗಿ ಮಾಡಬೇಕು.

ತೂಕದ ಲೆಕ್ಕ

ಇದು ವಿಡಿಯೋಗಳಲ್ಲಿ ಕಡಿಮೆ ಹೇಳೋ ವಿಷಯ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ. 100 ಲೀಟರ್ ಅಂದರೆ 84 ಕೆ.ಜಿ. ಟ್ಯಾಂಕ್, ಪಟ್ಟಿ, ಪಂಪು ಸೇರಿ 26 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಟ್ಟು 110 ಕೆ.ಜಿ.

ಈಗ ಈ ಟ್ಯಾಂಕನ್ನ ಹಿಂದಿನ ಆಕ್ಸಲ್‌ಗಿಂತ ಮುಕ್ಕಾಲು ಮೀಟರ್ ಹಿಂದೆ ಕಟ್ಟಿದ್ದೀರಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್. ಏತದ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ ಬೀಳೋದು 110 ಅಲ್ಲ, 143 ಕೆ.ಜಿ. ಮುಂದಿನ ಚಕ್ರಗಳ ಮೇಲಿಂದ 33 ಕೆ.ಜಿ. ಕಡಿಮೆಯಾಗುತ್ತೆ. ಮುಂದಿನ ಚಕ್ರ ಹಗುರ ಆದರೆ ಮಳೆಗಾಲದ ಕೆಸರು ಏರಿನಲ್ಲಿ ಸ್ಟೇರಿಂಗ್ ಹಿಡಿತ ತಪ್ಪುತ್ತೆ. ಅದರ ಮೇಲೆ ನಾಲ್ಕು ಮೂಟೆ ಗೊಬ್ಬರ, ಹಿಂದೆ ಐದು ಜನ ಕೆಲಸದವರು. ಲೀಫ್ ಸ್ಪ್ರಿಂಗ್ ಯಾಕೆ ಮುರೀತು ಅಂತ ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಉಳಿತಾಯದ ಲೆಕ್ಕ

ಮಹೀಂದ್ರಾ ಥಾರ್ ತಗೊಳ್ಳಿ. ಟ್ಯಾಂಕ್ 57 ಲೀಟರ್. ತೋಟದ ದಾರಿ, ಘಾಟಿ ಎಲ್ಲ ಸೇರಿ ಲೀಟರಿಗೆ 10 ಕಿ.ಮೀ. ಅಂತ ಹಿಡಿಯೋಣ. 10 ಲೀಟರ್ ಆಪತ್ತಿಗೆ ಅಂತ ಬಿಟ್ಟರೂ 470 ಕಿ.ಮೀ. ಓಡುತ್ತೆ. ಬಂಕಿಗೆ ಹೋಗಿಬರೋಕೆ 60 ಕಿ.ಮೀ. ಸಾಕು.

ತಿಂಗಳಿಗೆ 1,500 ಕಿ.ಮೀ. ಓಡಿಸ್ತೀರಿ ಅಂದರೆ 150 ಲೀಟರ್ ಬೇಕು. ಈಗಿನ ಟ್ಯಾಂಕಿನಲ್ಲಿ ಸರಾಸರಿ 3.2 ಸಲ ಬಂಕಿಗೆ ಹೋಗಬೇಕು. 40 ಲೀಟರ್ ದೊಡ್ಡ ಟ್ಯಾಂಕ್ ಹಾಕಿದರೆ 1.7 ಸಲ. ಉಳಿದದ್ದು ಒಂದೂವರೆ ಓಡಾಟ, ಅಂದರೆ 9 ಲೀಟರ್. ಲೀಟರಿಗೆ 90 ರೂಪಾಯಿ ಅಂದರೂ ತಿಂಗಳಿಗೆ ಸುಮಾರು 800 ರೂಪಾಯಿ. ಅದೂ ನೀವು ಬರೀ ಡೀಸೆಲ್‌ಗೋಸ್ಕರವೇ ಪೇಟೆಗೆ ಹೋಗ್ತಿದ್ದರೆ ಮಾತ್ರ. ಸಂತೆ, ಬ್ಯಾಂಕು, ಸೊಸೈಟಿ, ಮಕ್ಕಳ ಶಾಲೆ ಅಂತ ಹೇಗೂ ವಾರಕ್ಕೊಮ್ಮೆ ಪೇಟೆಗೆ ಹೋಗೋರಿಗೆ ಉಳಿತಾಯ ಸೊನ್ನೆ.

ಹಾಗಾದರೆ ಈ ಹುಡುಗರಿಗೆ ನಿಜವಾಗಿ ಬೇಕಾಗಿರೋದು ಏನು? ಸ್ವಲ್ಪ ಮಾತಾಡಿಸಿದರೆ ಗೊತ್ತಾಗುತ್ತೆ. ಪಂಪ್‌ಸೆಟ್‌ಗೆ ಡೀಸೆಲ್ ಬೇಕು, ಟಿಲ್ಲರ್‌ಗೆ ಬೇಕು, ಕರೆಂಟ್ ಹೋದಾಗ ಜನರೇಟರಿಗೆ ಬೇಕು. ಜೀಪಿನ ಟ್ಯಾಂಕಿಂದ ಪೈಪ್ ಹಾಕಿ ಬಾಯಲ್ಲಿ ಎಳೆದು ತೆಗೀತಾ ಇದ್ದಾರೆ. ಅಂದರೆ ಕೊರತೆ ಇರೋದು ಜೀಪಿನಲ್ಲಿ ಅಲ್ಲ, ತೋಟದ ದಾಸ್ತಾನಿನಲ್ಲಿ. ಅದಕ್ಕೆ ಜೀಪನ್ನೇ ಉಗ್ರಾಣ ಮಾಡಬೇಕಾಗಿಲ್ಲ. ಅಂದ ಹಾಗೆ, ಬಾಯಲ್ಲಿ ಡೀಸೆಲ್ ಎಳೆಯೋದು ಇವತ್ತೇ ನಿಲ್ಲಿಸಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ.

ಕಾನೂನು ಏನು ಹೇಳುತ್ತೆ?

ಆಸ್ಟ್ರೇಲಿಯಾದಲ್ಲಿ ಬದಲಿ ಟ್ಯಾಂಕ್‌ಗಳೂ ಅಲ್ಲಿನ ವಾಹನ ನಿಯಮಗಳಿಗೆ ಒಳಪಟ್ಟೇ ಬರಬೇಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿಯನ್ನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದ್ದು. ಗಾಡಿಗೆ ಬೆಂಕಿ ಬಿದ್ದು, ಒಳಗೆ ವೆಲ್ಡಿಂಗ್ ಅಂಗಡಿಯ ಟ್ಯಾಂಕ್ ಇದೆ ಅಂತ ಸರ್ವೇಯರ್ ಬರೆದರೆ, ಕ್ಲೇಮ್ ತಕರಾರಿಗೆ ಬೀಳುತ್ತೆ. ಆರ್‌ಟಿಒ ಲಿಖಿತ ಒಪ್ಪಿಗೆ ಇಲ್ಲದೆ ಕೈ ಹಾಕಬೇಡಿ.

ಇನ್ನೊಂದು ಮಾತು, ಇದು ಜೀವದ ವಿಷಯ. "ಹಳೇ ಟ್ಯಾಂಕನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಖಾಲಿ ಟ್ಯಾಂಕ್ ಅಂದರೆ ಸುರಕ್ಷಿತ ಅಂತ ಅಲ್ಲ. ಗೋಡೆಗೆ ಅಂಟಿದ ಡೀಸೆಲ್ ವೆಲ್ಡಿಂಗ್ ಬಿಸಿಗೆ ಆವಿಯಾಗಿ, ಗಾಳಿ ಜೊತೆ ಸೇರಿ ಬಾಂಬಿನ ಹಾಗೆ ಸಿಡಿಯುತ್ತೆ. ಡ್ರಮ್ಮಿಗೂ ಇದೇ ಮಾತು.

ಹಾಗಾದರೆ ಏನು ಮಾಡೋದು?

ಪೆಟ್ರೋಲಿಯಂ ಕಾಯ್ದೆ 1934ರ ಪ್ರಕಾರ ಡೀಸೆಲ್ ಬಿ ವರ್ಗದ ಇಂಧನ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಲೈಸೆನ್ಸ್ ಬೇಡ. ಪೆಟ್ರೋಲ್‌ಗೆ ಬಹಳ ಬಿಗಿ: ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ಮಾತ್ರ, ಅದೂ ಒಂದು ಕ್ಯಾನ್ 25 ಲೀಟರ್ ಮೀರಬಾರದು.

ನಮ್ಮ ತೋಟದಲ್ಲಿ ನಾನು ಅನುಸರಿಸೋದು ಇಷ್ಟು:

• ಗಟ್ಟಿ ಮುಚ್ಚಳದ 20 ಲೀಟರ್ ಲೋಹದ ಜೆರಿಕ್ಯಾನ್ ಎರಡು. ತುಂಬಿದಾಗ ಒಂದೊಂದೂ ಸುಮಾರು 21 ಕೆ.ಜಿ., ಒಬ್ಬರೇ ಎತ್ತಬಹುದು. ಜೀಪಿನಲ್ಲಿ ತರುವಾಗ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟೋದು, ಜನ ಕೂರೋ ಕಡೆ ಇಡೋದಿಲ್ಲ. ಕ್ಯಾನಿಗೆ ತುಂಬಿಸುವಾಗ ಗಾಡಿಯಿಂದ ಇಳಿಸಿ ನೆಲದ ಮೇಲೇ ಇಡೋದು.

• ಮನೆ, ಅಡುಗೆಕೋಣೆ, ಬಾವಿ ಮೂರರಿಂದಲೂ ದೂರ ನೆರಳಿನ ಶೆಡ್. ಕೆಳಗೆ ಅಗಲ ತಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ನಮ್ಮದು ಸಾವಯವ ತೋಟ. ಜೀವಾಮೃತ ಹಾಕಿ ವರ್ಷಗಟ್ಟಲೆ ಕಟ್ಟಿದ ಮಣ್ಣಿಗೆ, ಕುಡಿಯೋ ಬಾವಿಗೆ ಡೀಸೆಲ್ ಇಳಿಯಬಾರದು.

• ಬಾಯಲ್ಲಿ ಎಳೆಯದೆ ಕೈಪಂಪು.

• ಕ್ಯಾನಿನ ಮೇಲೆ ತಂದ ತಾರೀಖು. ಹಳೇದು ಮೊದಲು ಖರ್ಚು.

• ಮಳೆಗಾಲದಲ್ಲಿ ಜೀಪಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡೋದಿಲ್ಲ. ಖಾಲಿ ಜಾಗದ ತೇವ ಗೋಡೆಗೆ ಹನಿಗಟ್ಟಿ ಡೀಸೆಲ್ ಕೆಳಗೆ ನೀರಾಗಿ ನಿಲ್ಲುತ್ತೆ, ಅದರಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗುತ್ತೆ. ದೊಡ್ಡ ಟ್ಯಾಂಕ್ ಹಾಕಿ ಅರ್ಧ ಖಾಲಿ ಇಟ್ಟುಕೊಂಡರೆ ಈ ತೊಂದರೆ ಇನ್ನೂ ಜಾಸ್ತಿ. ಫಿಲ್ಟರಿನ ನೀರು ಆಗಾಗ ತಿರುಪು ಸಡಿಲಿಸಿ ತೆಗೀಬೇಕು.

ನಿಮ್ಮ ತೋಟಕ್ಕೆ 40 ಲೀಟರ್ ಸಾಲದಿದ್ದರೆ ಕ್ಯಾನ್ ಹೆಚ್ಚಿಸಿ. ಇನ್ನೂ ಹೆಚ್ಚು ಬೇಕಾದ ಕಡೆ ನಾಲ್ಕೈದು ತೋಟದವರು ಸೇರಿ ಒಂದೇ ಸಲ ತರಿಸಿಕೊಳ್ಳಿ. ಕೆಲವು ಕಡೆ ಡೀಸೆಲ್ ಬಾಗಿಲಿಗೇ ತಂದುಕೊಡೋ ವ್ಯವಸ್ಥೆಯೂ ಇದೆ, ಹತ್ತಿರದ ಬಂಕಿನಲ್ಲಿ ವಿಚಾರಿಸಿ.

ಈ ವಾರ ಒಂದು ಕೆಲಸ ಮಾಡಿ. ಮೊಬೈಲಿನ ನೋಟ್ಸ್‌ನಲ್ಲಿ ಎರಡು ಸಾಲು ಬರೆದಿಡಿ: ಜೀಪಿಗೆ ಎಷ್ಟು ಲೀಟರ್ ಹೋಯ್ತು, ಉಳಿದ ಯಂತ್ರಗಳಿಗೆ ಎಷ್ಟು ಹೋಯ್ತು. ಒಂದು ತಿಂಗಳು ಬರೆದರೆ ನಿಮಗೆ ಬೇಕಾಗಿರೋದು ಟ್ಯಾಂಕೋ ಕ್ಯಾನೋ ಅಂತ ಆ ಅಂಕಿಗಳೇ ಹೇಳುತ್ತವೆ. ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಡೋದಾದರೆ ಅದಾದ ಮೇಲೆ ಯೋಚನೆ ಮಾಡಿ.